ನಮ್ಮ ಹೊಳೆ ಆ ಕಡೆ ಹೋಗುತ್ತೆ ಸರ್

ನನ್ನ ಮೊಮ್ಮಗನಿಗೆ ಹನ್ನೊಂದು ವರ್ಷ. ಅವನ ಅಪ್ಪ, ಅಂದರೆ ನನ್ನ ಮಗ, ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ಭಾನುವಾರ ಸಂಜೆ ಫೋನಿನ ಪರದೆಯಲ್ಲಿ ನಾವು ಅಜ್ಜ ಮೊಮ್ಮಗ ಮುಖ ನೋಡಿಕೊಳ್ಳುತ್ತೇವೆ. ಒಂದು ಭಾನುವಾರ ಅವನು ಸೇತುವೆಯ ಮೇಲೆ ನಿಂತು ಫೋನನ್ನು ಕೆಳಗೆ ತಿರುಗಿಸಿದ. ಹಸಿರು ಬಣ್ಣದ ದೊಡ್ಡ ಹೊಳೆ. ‘ಅಜ್ಜ, ಇದು ರೈನ್’ ಎಂದ. ಹೊಳೆಗೆ ಅಡ್ಡಲಾಗಿ ಒಂದು ಮರದ ದೋಣಿ ಹೋಗುತ್ತಿತ್ತು. ಅದಕ್ಕೆ ಯಂತ್ರವಿಲ್ಲವಂತೆ, ಹುಟ್ಟೂ ಇಲ್ಲವಂತೆ. ಮೇಲೆ ಎಳೆದು ಕಟ್ಟಿದ ಹಗ್ಗಕ್ಕೆ ದೋಣಿಯನ್ನು ತಗುಲಿಹಾಕಿ, ನೀರಿನ ಸೆಳೆತಕ್ಕೆ ಸ್ವಲ್ಪ ಓರೆ ಮಾಡಿದರೆ ಹೊಳೆಯೇ ಅದನ್ನು ಆಚೆ ದಡಕ್ಕೆ ದಾಟಿಸುತ್ತದೆ. ಬೇಸಿಗೆಯಲ್ಲಿ ಅಲ್ಲಿಯವರು ಬಟ್ಟೆಗಳನ್ನು ಮೀನಿನ ಆಕಾರದ ಚೀಲದಲ್ಲಿ ತುಂಬಿ, ಬಿಗಿಯಾಗಿ ಸುತ್ತಿ, ಅದನ್ನೇ ಹಿಡಿದುಕೊಂಡು ತೇಲುತ್ತಾ ಹೋಗುತ್ತಾರಂತೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

‘ನಿಮ್ಮ ಹೊಳೆ ಯಾವುದು ಅಜ್ಜ?’ ಎಂದು ಕೇಳಿದ.

ನಾನು ಭಾಗಮಂಡಲದ ಕಡೆಯವನು. ಈ ಪ್ರಶ್ನೆಯನ್ನು ನನ್ನ ಬಳಿ ಕೇಳಿದರೆ ಮುಗಿಯಿತು. ಮಡಿಕೇರಿಯಲ್ಲಿ ಮೂವತ್ತಮೂರು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು ಬೇರೆ. ಅರ್ಧ ಗಂಟೆ ಕಾವೇರಿಯ ಪಾಠ ನಡೆಯಿತು. ಕೊನೆಗೆ ಅವನೇ ‘ಅಜ್ಜ, ನಾನು ಅಕ್ಟೋಬರ್ ರಜೆಗೆ ಬರ್ತೇನೆ, ಅಲ್ಲೇ ತೋರಿಸಿ’ ಎಂದು ಫೋನ್ ಇಟ್ಟ.

ಬಂದ. ತುಲಾ ಸಂಕ್ರಮಣಕ್ಕೆ ಇನ್ನೂ ನಾಲ್ಕು ದಿನವಿತ್ತು. ಜಾತ್ರೆಯ ಜನಸಂದಣಿಗೆ ಮುಂಚೆಯೇ ಹೋಗಿಬರೋಣವೆಂದು ಬೆಳಿಗ್ಗೆ ಬೇಗ ಹೊರಟೆವು. ಭಾಗಮಂಡಲದಲ್ಲಿ ಇಳಿದು ಸಂಗಮದಲ್ಲಿ ಕಾಲು ತೊಳೆದೆವು. ಕಾವೇರಿ, ಕನ್ನಿಕೆ ಎಂಬ ಎರಡು ಹೊಳೆಗಳು ಕಣ್ಣಿಗೆ ಕಾಣುತ್ತವೆ. ಸುಜ್ಯೋತಿ ಎಂಬ ಮೂರನೆಯದು ನೆಲದೊಳಗೆ ಹರಿದು ಬಂದು ಸೇರುತ್ತದೆಂಬುದು ನಂಬಿಕೆ. ನಾನು ಚಿಕ್ಕವನಿದ್ದಾಗ ಆಟಿ ತಿಂಗಳ ಮಳೆಯಲ್ಲಿ ಈ ಸಂಗಮ ಉಕ್ಕಿ ರಸ್ತೆ ಮುಳುಗಿದರೆ ದಿನಗಟ್ಟಲೆ ಆಚೆಯವರು ಆಚೆ, ಈಚೆಯವರು ಈಚೆ. ಈಗ ಮೇಲ್ಸೇತುವೆ ಬಂದಿದೆ. ನನಗೆ ಶಾಲೆಗೆ ಸಿಗುತ್ತಿದ್ದ ಆ ಪುಕ್ಕಟೆ ರಜೆ ಈಗಿನ ಮಕ್ಕಳಿಗೆ ಸಿಗುವುದು ಅನುಮಾನ.

ಅಲ್ಲಿಂದ 8 ಕಿ.ಮೀ. ಮೇಲೆ ತಲಕಾವೇರಿ. ಬ್ರಹ್ಮಗಿರಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 1276 ಮೀಟರ್ ಎತ್ತರ. (ಮಕ್ಕಳೇ, ಕೊಡಗಿನಲ್ಲಿ ಬ್ರಹ್ಮಗಿರಿ ಎರಡಿವೆ. ಇದೊಂದು, ದಕ್ಷಿಣದಲ್ಲಿ ಇರ್ಪು, ಕುಟ್ಟದ ಕಡೆ ವಯನಾಡಿನ ಗಡಿಯಲ್ಲಿ ಇನ್ನೊಂದು. ಪರೀಕ್ಷೆಯಲ್ಲಿ ಗಲಿಬಿಲಿ ಮಾಡಿಕೊಳ್ಳಬೇಡಿ. ಲಕ್ಷ್ಮಣತೀರ್ಥ ಹುಟ್ಟುವುದು ಆ ಇನ್ನೊಂದರಲ್ಲಿ.)

ಮೊಮ್ಮಗ ಕುಂಡಿಕೆಯ ಮುಂದೆ ನಿಂತು ಅತ್ತಿತ್ತ ನೋಡಿದ. ಪುಟ್ಟ ಚೌಕ, ಅದರ ಮುಂದೆ ದೊಡ್ಡ ಕೊಳ, ಮಂಜು. ಹೊಳೆ ಎಲ್ಲಿ?

‘ಇಲ್ಲಿಂದ ನೀರು ಕಾಣದ ಹಾಗೆ ಇಳಿದುಹೋಗಿ ಕೆಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ ಮಗಾ.’

ಅವನಿಗೆ ನಿರಾಸೆಯಾಯಿತೇನೋ ಎಂದುಕೊಂಡೆ. ಇಲ್ಲ, ಅವನು ಬೇರೆ ಏನನ್ನೋ ಯೋಚಿಸುತ್ತಿದ್ದ. ‘ಇದಕ್ಕೆ ಕಾವೇರಿ ಅಂತ ಹೆಸರಿಟ್ಟದ್ದು ಯಾರು?’ ಎಂದ.

ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದೆ. ಕವೇರ ಮುನಿಯ ಮಗಳಾದ್ದರಿಂದ ಕಾವೇರಿ. ಅಗಸ್ತ್ಯರು ಅವಳನ್ನು ಕಮಂಡಲದಲ್ಲಿ ತುಂಬಿಟ್ಟಿದ್ದರು, ಗಣಪತಿ ಕಾಗೆಯ ರೂಪದಲ್ಲಿ ಬಂದು ಕಮಂಡಲ ಉರುಳಿಸಿದ, ಅವಳು ಹರಿದಳು. ತಮಿಳುನಾಡಿನವರು ಈ ಹೆಸರನ್ನು ತಮ್ಮ ನುಡಿಯಲ್ಲೇ ಒಡೆದು ನೋಡುತ್ತಾರೆ. ‘ಕಾ’ ಎಂದರೆ ತೋಪು, ‘ವಿರಿ’ ಎಂದರೆ ಹರಡು. ಹೋದಲ್ಲೆಲ್ಲ ತೋಪು ಹರಡುವವಳು. ಅವರಿಗೆ ಅವಳು ‘ಪೊನ್ನಿ’ಯೂ ಹೌದು, ಹೊನ್ನಿನವಳು. ಸುಮಾರು 1900 ವರ್ಷಗಳ ಹಿಂದೆ ಟಾಲೆಮಿ ಎಂಬ ಗ್ರೀಕ್ ಭೂಗೋಳಜ್ಞ ತನ್ನ ಪುಸ್ತಕದಲ್ಲಿ ‘ಖಬೇರೋಸ್’ ಎಂಬ ನದಿಯನ್ನೂ ಅದರ ಮುಖದಲ್ಲಿದ್ದ ‘ಖಬೇರಿಸ್’ ಎಂಬ ವ್ಯಾಪಾರದ ಪಟ್ಟಣವನ್ನೂ ಬರೆದಿಟ್ಟಿದ್ದಾನೆ. ಅದು ಕಾವೇರಿಪಟ್ಟಣ, ಈಗಿನ ಪೂಂಪುಹಾರ್. ಹಡಗಿನವರ ಬಾಯಿಂದ ಬಾಯಿಗೆ ಹೋಗಿ ಅಷ್ಟು ಸೊಟ್ಟಗಾದರೂ ಹೆಸರು ಗುರುತು ಸಿಗುತ್ತದೆ ನೋಡಿ.

‘ರೈನ್ ಅಂದ್ರೆ ಏನು ಗೊತ್ತಾ ಅಜ್ಜ? ಹರಿಯೋದು ಅಂತ ಅಷ್ಟೆ. ತುಂಬಾ ಹಳೇ ಭಾಷೆಯ ಮಾತಂತೆ, ನಮ್ಮ ಟೀಚರ್ ಹೇಳಿದ್ರು. ಅಲ್ಲಿಯವರು ಅದನ್ನ ಅಪ್ಪ ಅಂತಾರೆ. ಅಪ್ಪ ರೈನ್.’

ಇಲ್ಲಿ ಅಮ್ಮ, ಅಲ್ಲಿ ಅಪ್ಪ. ನನಗೆ ನಗು ಬಂತು. ಅವನು ಮುಂದುವರಿಸಿದ. ರೈನ್ ಹುಟ್ಟುವ ಕಡೆಗೂ ಅವನು ಶಾಲೆಯ ಮಕ್ಕಳ ಜೊತೆ ಹೋಗಿದ್ದನಂತೆ. ಆಲ್ಪ್ಸ್ ಬೆಟ್ಟದಲ್ಲಿ 2345 ಮೀಟರ್ ಎತ್ತರದಲ್ಲಿ ತೋಮಾ ಎಂಬ ಸಣ್ಣ ಸರೋವರ. ಅಲ್ಲಿಂದ ಹೊರಟದ್ದಕ್ಕೆ ಮುಂದಿನ ರೈನ್ ಎಂದು ಹೆಸರು. ಇನ್ನೊಂದು ಕಣಿವೆಯಿಂದ ಹಿಂದಿನ ರೈನ್ ಬರುತ್ತದೆ. ಎರಡೂ ರೈಷೆನೌ ಎಂಬಲ್ಲಿ ಕೂಡಿದ ಮೇಲೆ ಬರೀ ರೈನ್. ಥೇಟ್ ನಮ್ಮ ಭಾಗಮಂಡಲ. ಆ ಸರೋವರಕ್ಕೆ ಹತ್ತುವ ಘಾಟಿಯ ಮೇಲೆ ಒಂದು ಕೆಂಪು ದೀಪಸ್ತಂಭ ಇದೆಯಂತೆ. ಬೆಟ್ಟದ ತುದಿಯಲ್ಲಿ ದೀಪಸ್ತಂಭವೇ? ಹೌದು, ಹೊಳೆ ಸಮುದ್ರ ಸೇರುವ ಹಾಲೆಂಡಿನಲ್ಲಿ ಅಂಥದ್ದೊಂದಿತ್ತು, ಅದರ ನಕಲನ್ನು ಹುಟ್ಟುವ ಕಡೆ ನಿಲ್ಲಿಸಿದ್ದಾರೆ.

‘ಸರೋವರದ ಹತ್ತಿರ ಬಂಡೆಗೆ ಒಂದು ಫಲಕ ಇದೆ. ಸಮುದ್ರಕ್ಕೆ 1320 ಕಿ.ಮೀ. ಅಂತ ಬರೆದಿದೆ. ಅದು ತಪ್ಪು!’ ಎಂದು ಚಪ್ಪಾಳೆ ತಟ್ಟಿದ.

ತಪ್ಪು ಎಂಬ ಮಾತು ಕೇಳಿದರೆ ಮೇಷ್ಟ್ರ ಕಿವಿ ನೆಟ್ಟಗಾಗುತ್ತದೆ. ಸಂಗತಿ ಹೀಗಿದೆ. ರೈನಿನ ಉದ್ದ ಸುಮಾರು 1230 ಕಿ.ಮೀ. ಹಳೆಯ ಪುಸ್ತಕಗಳಲ್ಲಿ ಸರಿಯಾಗಿಯೇ ಇತ್ತು. 1930ರ ದಶಕದಲ್ಲಿ ಜರ್ಮನ್ ವಿಶ್ವಕೋಶವೊಂದರಲ್ಲಿ 1320 ಎಂದು ಅಚ್ಚಾಯಿತು. 2 ಮತ್ತು 3 ಜಾಗ ಬದಲಾಯಿಸಿಕೊಂಡಿರಬೇಕು. ಮುಂದೆ ಅದನ್ನು ನೋಡಿ ಇದು, ಇದನ್ನು ನೋಡಿ ಇನ್ನೊಂದು. ಶಾಲಾಪುಸ್ತಕ, ಸರ್ಕಾರಿ ಕಾಗದ ಎಲ್ಲದರಲ್ಲೂ 1320. ಕಲೋನ್ ವಿಶ್ವವಿದ್ಯಾಲಯದ ಬ್ರೂನೋ ಕ್ರೆಮರ್ ಎಂಬ ಜೀವಶಾಸ್ತ್ರಜ್ಞ ಹಳೆಯ ಲೆಕ್ಕ ತೆಗೆದು ನೋಡಿ, ಕೂಡಿಸಿ, ಇದು ತಪ್ಪು ಎಂದು ತೋರಿಸಿದ್ದು 2010ರಲ್ಲಿ. ಎಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ದೇಶದ ಮಕ್ಕಳೆಲ್ಲ ಇಲ್ಲದ 90 ಕಿ.ಮೀ. ಹೊಳೆಯನ್ನು ಬಾಯಿಪಾಠ ಮಾಡಿದರು.

‘ಅಷ್ಟು ವರ್ಷ ಒಬ್ಬ ಮೇಷ್ಟ್ರಿಗೂ ಗೊತ್ತಾಗ್ಲಿಲ್ವಾ ಅಜ್ಜ?’

ನಾನು ಉತ್ತರ ಕೊಡಲಿಲ್ಲ. ಕಾಫಿ ಕುಡಿಯೋಣ ಬಾ ಎಂದು ಎದ್ದೆ. ಯಾಕೆಂದು ಈಗ ಹೇಳುತ್ತೇನೆ.

1986. ಎಂಟನೇ ತರಗತಿ. ಕೊಡಗಿನ ರೇಖಾನಕ್ಷೆಯಲ್ಲಿ ನದಿಗಳನ್ನು ಗುರುತಿಸಿ ಎಂದು ಬರೆಸಿದ್ದೆ. ನೆನಪಿಗೆ ಸುಲಭವಾಗಲೆಂದು ನಾನೇ ಕಟ್ಟಿದ ಒಂದು ವಾಕ್ಯವಿತ್ತು: ‘ಕೊಡಗಿನ ಮಳೆಯೆಲ್ಲ ಕಾವೇರಿಗೆ, ಕಾವೇರಿಯೆಲ್ಲ ಬಂಗಾಳ ಕೊಲ್ಲಿಗೆ.’ ಯಾವ ಪುಸ್ತಕದಲ್ಲೂ ಇರಲಿಲ್ಲ, ನನ್ನದೇ ಕೈಕೆಲಸ. ಮಕ್ಕಳು ಅದನ್ನು ರಾಗವಾಗಿ ಹೇಳುತ್ತಿದ್ದರು. ಕೇಳಲು ಚೆನ್ನಾಗಿತ್ತು.

ಆ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಸಂಪಾಜೆ ಕಡೆಯವನು, ಹಾಸ್ಟೆಲ್‌ನಲ್ಲಿದ್ದ. ಅವನ ನಕ್ಷೆಯಲ್ಲಿ ಎಲ್ಲರ ಹಾಗೆ ಪೂರ್ವಕ್ಕೆ ನೀಲಿ ಗೆರೆಗಳಿದ್ದವು. ಜೊತೆಗೆ ಒಂದು ಗೆರೆ ಪಶ್ಚಿಮಕ್ಕೆ, ಜಿಲ್ಲೆಯ ಗಡಿ ದಾಟಿ ಕಾಗದದ ಅಂಚಿನವರೆಗೂ ಹೋಗಿತ್ತು.

‘ಇದೇನೋ?’

‘ನಮ್ಮ ಹೊಳೆ ಆ ಕಡೆ ಹೋಗುತ್ತೆ ಸರ್. ಸುಳ್ಯಕ್ಕೆ, ಆಮೇಲೆ ಕಾಸರಗೋಡಿಗೆ. ಪಯಸ್ವಿನಿ.’

‘ಪಯಸ್ವಿನಿಯಾ? ಅದು ನಿನ್ನ ತಂಗಿಯ ಹೆಸರೇನೋ?’

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಕೆಂಪು ಶಾಯಿಯಿಂದ ಆ ಗೆರೆಯನ್ನು ಅಡ್ಡ ಹೊಡೆದೆ. ಅವನು ‘ಇಲ್ಲ ಸರ್, ನಿಜವಾಗ್ಲೂ’ ಎಂದು ಮತ್ತೆ ಹೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಮತ್ತೆ ಮಾತಾಡಲಿಲ್ಲ. ಕಾವೇರಿಯ ಹುಟ್ಟೂರಿನವನು ನಾನು. ಕೊಡಗಿನಲ್ಲಿ ಕಾವೇರಿಗೆ ಬೆನ್ನು ತಿರುಗಿಸಿ ಹೋಗುವ ಹೊಳೆ ಇದ್ದೀತು ಎಂದು ನನ್ನ ತಲೆಗೇ ಬಂದಿರಲಿಲ್ಲ. ಘಾಟಿ ಇಳಿದು ಆ ಕಡೆ ಹೋಗುವ ಸಂದರ್ಭವೂ ಅದುವರೆಗೆ ಬಂದಿರಲಿಲ್ಲ.

ಮರುವರ್ಷ ಸುಳ್ಯದಲ್ಲಿ ಒಂದು ಮದುವೆಗೆ ಬಸ್ಸಿನಲ್ಲಿ ಹೋದೆ. ಮಡಿಕೇರಿಯಿಂದ ಘಾಟಿ ಇಳಿಯುತ್ತಿದ್ದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒಂದು ಹೊಳೆ ಕಾಣಿಸತೊಡಗಿತು. ಬಸ್ಸು ಹೋಗುವ ದಿಕ್ಕಿಗೇ, ನಮಗಿಂತ ಜೋರಾಗಿ, ಪಶ್ಚಿಮಕ್ಕೆ ಓಡುತ್ತಿತ್ತು. ಪಕ್ಕದಲ್ಲಿದ್ದವರನ್ನು ಕೇಳಿದೆ. ‘ಇದಾ? ಹೊಳೆ’ ಎಂದರು. ಹೆಸರು ಕೇಳಿದ್ದಕ್ಕೆ ‘ಪಯಸ್ವಿನಿ’ ಎಂದರು. ಮದುವೆಯ ಊಟ ರುಚಿಸಲಿಲ್ಲ.

ಆಮೇಲೆ ಭೂಪಟ ಬಿಡಿಸಿ ಕುಳಿತಾಗ ಗೊತ್ತಾಯಿತು, ಅದೊಂದೇ ಅಲ್ಲ. ದಕ್ಷಿಣದ ಬ್ರಹ್ಮಗಿರಿ ಕಡೆಯ ಬರಪೊಳೆ ಕೇರಳಕ್ಕಿಳಿದು ವಳಪಟ್ಟಣಂ ಹೊಳೆಯನ್ನು ಸೇರುತ್ತದೆ. ಪುಷ್ಪಗಿರಿಯ ಕಡೆಯಿಂದ ಕುಮಾರಧಾರೆ ಸುಬ್ರಹ್ಮಣ್ಯಕ್ಕೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿಗೆ ಹೋಗುತ್ತದೆ. ಪಯಸ್ವಿನಿ ಕಾಸರಗೋಡು ಮುಟ್ಟುವ ಹೊತ್ತಿಗೆ ಚಂದ್ರಗಿರಿ. ಪಯಸ್ ಎಂದರೆ ಹಾಲು, ನೀರು ಎರಡೂ ಹೌದು. ಎಂಥ ಚಂದದ ಹೆಸರು! ಅದಕ್ಕೆ ನಾನು ತರಗತಿಯನ್ನು ನಗಿಸಿದ್ದೆ.

ಮುಂದಿನ ವರ್ಷಗಳಲ್ಲಿ ಪಾಠ ತಿದ್ದಿಕೊಂಡೆ. ಆ ರಾಗದ ವಾಕ್ಯ ಬಿಟ್ಟೆ. ಆದರೆ ಆ ಹುಡುಗ ಇನ್ನೂ ಅದೇ ಶಾಲೆಯಲ್ಲಿ, ಒಂಬತ್ತರಲ್ಲಿ, ಆಮೇಲೆ ಹತ್ತರಲ್ಲಿದ್ದ. ವರಾಂಡದಲ್ಲಿ ದಿನಾ ಎದುರಾಗುತ್ತಿದ್ದ. ‘ನೀನು ಹೇಳಿದ್ದು ಸರಿ ಕಣೋ’ ಎಂಬ ನಾಲ್ಕು ಪದ ನನ್ನ ಬಾಯಿಂದ ಹೊರಡಲಿಲ್ಲ. ಪುಸ್ತಕದವರು ಎಪ್ಪತ್ತು ವರ್ಷ ತಪ್ಪು ಬರೆದದ್ದು ಗೊತ್ತಿಲ್ಲದೆ. ನನ್ನದು ಗೊತ್ತಿದ್ದೂ.

ಇದನ್ನು ತಲಕಾವೇರಿಯಿಂದ ಇಳಿಯುವಾಗ ಮೊಮ್ಮಗನಿಗೆ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ‘ಅವರ ಫೋನ್ ನಂಬರ್ ಇದೆಯಾ?’ ಎಂದ.

ಹಳೆಯ ವಿದ್ಯಾರ್ಥಿಗಳದ್ದೊಂದು ವಾಟ್ಸಾಪ್ ಗುಂಪಿದೆ. ನಂಬರ್ ಸಿಕ್ಕಿತು. ನಾನು ಎರಡು ಸಲ ಒತ್ತಿ, ರಿಂಗ್ ಆಗುವ ಮೊದಲೇ ನಿಲ್ಲಿಸಿದೆ. ಮೂರನೆಯ ಸಲ ಮೊಮ್ಮಗ ಫೋನ್ ಕಸಿದುಕೊಂಡ.

ಎರಡು ದಿನ ಬಿಟ್ಟು ಸಂಪಾಜೆಗೆ ಹೊರಟೆವು. ದಾರಿಯಲ್ಲಿ ಜೋಡುಪಾಲದ ಹತ್ತಿರ ಕಾರು ನಿಧಾನವಾಯಿತು. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಕುಸಿದು ಮನೆ, ತೋಟ, ಜೀವ ಎಲ್ಲ ಹೋದವು. ಈಗ ಹಸಿರು ಮುಚ್ಚಿದೆ; ಗೊತ್ತಿದ್ದವರಿಗೆ ಮಾತ್ರ ಗಾಯ ಕಾಣುತ್ತದೆ. ಇಲ್ಲಿ ಸುರಿಯುವ ಮಳೆಯ ಕತೆಯನ್ನು ಮೊಮ್ಮಗನಿಗೆ ಹೇಳಿದೆ. ಬೆಟ್ಟದ ನೆತ್ತಿಯಲ್ಲಿ ಒಂದೇ ಮೋಡ ಸುರಿಸಿದ ಎರಡು ಹನಿ. ಒಂದು ಪೂರ್ವದ ಇಳಿಜಾರಿಗೆ ಬಿದ್ದರೆ ಹಾರಂಗಿಗೆ ಸೇರಿ, ಕೂಡಿಗೆಯಲ್ಲಿ ಕಾವೇರಿಯನ್ನು ಕೂಡಿ (ಕೂಡುವ ಊರು ಕೂಡಿಗೆ, ಹೆಸರೇ ಹೇಳುತ್ತದೆ), ಕೃಷ್ಣರಾಜಸಾಗರ, ಶ್ರೀರಂಗಪಟ್ಟಣ, ಶಿವನಸಮುದ್ರ, ಮೆಟ್ಟೂರು, ಶ್ರೀರಂಗ ಎಲ್ಲ ದಾಟಿ ಬಂಗಾಳ ಕೊಲ್ಲಿ ಮುಟ್ಟಬೇಕು. ಇನ್ನೊಂದು ಪಶ್ಚಿಮಕ್ಕೆ ಬಿದ್ದರೆ ಗಡಿಬಿಡಿಯಲ್ಲಿ ಇಳಿದು ಅರಬ್ಬೀ ಸಮುದ್ರ. ತಲಕಾವೇರಿಯಿಂದ ಪಶ್ಚಿಮ ಕಡಲಿಗೆ ನೇರ ಗೆರೆ ಎಳೆದರೆ 50 ಕಿ.ಮೀ. ಆಸುಪಾಸು. ಕಾವೇರಿ ಆ ಹತ್ತಿರದ ಕಡಲನ್ನು ಬಿಟ್ಟು 800 ಕಿ.ಮೀ. ನಡೆಯುತ್ತಾಳೆ.

‘ನಮ್ಮಲ್ಲೂ ಹಾಗೇ’ ಎಂದ ಅವನು. ಗೊಟ್ಹಾರ್ಡ್ ಬೆಟ್ಟಗಳ ಸುತ್ತ ಹುಟ್ಟುವ ರೈನ್ ಉತ್ತರ ಸಮುದ್ರಕ್ಕೆ, ರೋನ್ ಮೆಡಿಟರೇನಿಯನ್‌ಗೆ, ತಿಚೀನೊ ಇಟಲಿಯ ಪೋ ನದಿ ಸೇರಿ ಏಡ್ರಿಯಾಟಿಕ್‌ಗೆ. ‘ಆದ್ರೆ ರೈನ್ ಕೊನೆಗೆ ಹೆಸರು ಕಳ್ಕೊಳ್ಳುತ್ತೆ ಅಜ್ಜ. ಹಾಲೆಂಡಿನಲ್ಲಿ ಅದು ಒಡೆದುಹೋಗುತ್ತೆ. ಹೆಚ್ಚು ನೀರು ಹೋಗೋದು ವಾಲ್ ಅನ್ನೋ ಹೆಸರಲ್ಲಿ. ಹಳೇ ರೈನ್ ಅಂತ ಹೆಸರಿರೋದು ಒಂದು ಸಣ್ಣ ಕಾಲುವೆ ಥರ ಇದೆ.’

ನಾನು ಕಾರಿನಲ್ಲೇ ತೊಡೆ ತಟ್ಟಿಕೊಂಡೆ. ಕಾವೇರಿಯದೂ ಇದೇ ಹಣೆಬರಹ. ತಿರುಚ್ಚಿಯ ಬಳಿ ಮುಕ್ಕೊಂಬುವಿನಲ್ಲಿ ಹೊಳೆ ಎರಡಾಗುತ್ತದೆ. ನೆರೆ ಬಂದಾಗ ಹೆಚ್ಚು ನೀರು ನುಗ್ಗುವುದು ಕೊಳ್ಳಿಡಂ ಎಂಬ ಕವಲಿನಲ್ಲಿ. ಕಾವೇರಿ ಎಂಬ ಹೆಸರು ಉಳಿಸಿಕೊಂಡ ಕವಲು ಗದ್ದೆಗದ್ದೆಗೂ ಹಂಚಿಹೋಗಿ ಪೂಂಪುಹಾರಿನಲ್ಲಿ ಕಡಲು ಸೇರುವಾಗ ಬಡಕಲಾಗಿರುತ್ತದೆ. ಈ ಹೋಲಿಕೆ ಮೂವತ್ತಮೂರು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ.

ನನ್ನ ವಿದ್ಯಾರ್ಥಿ ರಸ್ತೆ ಬದಿಯಲ್ಲೇ ಕಾಯುತ್ತಿದ್ದ. ತಲೆಯಲ್ಲಿ ಅರ್ಧ ಬಿಳಿ ಕೂದಲು. ಅಡಿಕೆ ತೋಟ, ಸ್ವಲ್ಪ ಕಾಳುಮೆಣಸು. ಹೊಳೆ ತೋಟದ ಕೆಳಗೇ ಹರಿಯುತ್ತದೆ; 2018ರಲ್ಲಿ ಒಂದು ಅಂಚನ್ನು ಕೊಚ್ಚಿಕೊಂಡು ಹೋಯಿತಂತೆ. ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ನಾನು ಲೋಟ ಕೈಯಲ್ಲೇ ಹಿಡಿದು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ಎಂಟನೇ ಕ್ಲಾಸು, ನಕ್ಷೆ, ಬೆಂಚು. ‘ನೀನು ಸರಿ ಇದ್ದೆ. ನಾನು ತಪ್ಪು. ಗೊತ್ತಾದ ಮೇಲೂ ನಿನಗೆ ಹೇಳಲಿಲ್ಲ, ಅದು ಇನ್ನೂ ದೊಡ್ಡ ತಪ್ಪು.’

ಅವನು ನಕ್ಕ. ‘ಬೆಂಚಿನ ಮೇಲೆ ನಿಂತದ್ದು ನೆನಪೇ ಇಲ್ಲ ಸರ್. ಎಷ್ಟು ಸಲ ನಿಂತಿಲ್ಲ! ಆದ್ರೆ ಹತ್ತನೇ ಕ್ಲಾಸು ಮುಗಿಯೋವರೆಗೆ ಹಾಸ್ಟೆಲ್‌ನಲ್ಲಿ ನನ್ನ ಹೆಸರು ಪಯಸ್ವಿನಿ ಅಂತಲೇ ಇತ್ತು. ಏ ಪಯಸ್ವಿನಿ, ಊಟಕ್ಕೆ ಬಾ. ಅದು ನೆನಪಿದೆ.’

ನನಗೆ ಮಜ್ಜಿಗೆ ಗಂಟಲಲ್ಲಿ ನಿಂತಿತು. ಅದನ್ನು ಗಮನಿಸಿದವನಂತೆ ಅವನೇ ಮಾತು ತಿರುಗಿಸಿದ. ‘ಬೇಜಾರಾಗಿತ್ತು ಸರ್, ಸುಳ್ಳು ಯಾಕೆ ಹೇಳ್ಲಿ. ಊರಿಗೆ ಬಂದಾಗ ಹೊಳೆ ನೋಡಿದ್ರೂ ಸಿಟ್ಟು ಬರ್ತಿತ್ತು. ಆಮೇಲೆ ಸರಿಹೋಯ್ತು. ಮಗಳು ಹುಟ್ಟಿದಾಗ ಅದೇ ಹೆಸರಿಡೋಣ ಅಂದೆ. ಇವಳು ಒಪ್ಪಲಿಲ್ಲ.’

‘ಹೊಳೆ ಹೆಸರಿಟ್ರೆ ಹೇಳಿದ ಮಾತು ಕೇಳ್ತಾಳಾ?’ ಎಂದು ಒಳಗಿನಿಂದ ಅವನ ಹೆಂಡತಿಯ ದನಿ ಬಂತು.

ಮೊಮ್ಮಗ ತನ್ನ ಬ್ಯಾಗಿನಿಂದ ಕಾಗದ ತೆಗೆದ. ಕಾರಿನಲ್ಲಿ ಕುಳಿತು ಕೊಡಗಿನ ನಕ್ಷೆ ಬಿಡಿಸಿದ್ದ. ಆಕಾರ ಸ್ವಲ್ಪ ಸೊಟ್ಟಗಿತ್ತು. ಪೆನ್ಸಿಲನ್ನು ನನ್ನ ವಿದ್ಯಾರ್ಥಿಯ ಕೈಗೆ ಕೊಟ್ಟ. ಅವನು ಕನ್ನಡಕ ಹಾಕಿಕೊಂಡು, ನಿಧಾನವಾಗಿ, ಪಶ್ಚಿಮಕ್ಕೆ ಗೆರೆ ಎಳೆದ. ನಾನು ಅಭ್ಯಾಸಬಲದಿಂದ ಕೆಳಗೆ ‘ಸರಿ’ ಗುರುತು ಹಾಕಿ ಸಹಿ ಮಾಡಿದೆ. ಮೂವರೂ ನಕ್ಕೆವು.

ಆಮೇಲೆ ತೋಟದೊಳಗಿಂದ ಹೊಳೆಗೆ ಇಳಿದೆವು. ನನ್ನ ಮಂಡಿಗೆ ಇಳಿಜಾರು ಆಗದು, ಅವನು ತೋಳು ಹಿಡಿದ. ದಾರಿಯಲ್ಲಿ ಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ಎತ್ತಿಕೊಂಡು, ಕತ್ತಿಯಿಂದ ಎರಡೂ ತುದಿ ಕತ್ತರಿಸಿ, ಮಡಚಿ, ಕಡ್ಡಿ ಚುಚ್ಚಿ ದೋಣಿ ಮಾಡಿದ. ಮೊಮ್ಮಗ ಅದರಲ್ಲಿ ಒಂದು ಹಣ್ಣಡಿಕೆ ಇಟ್ಟ.

‘ಎಲ್ಲಿಗೆ ಹೋಗುತ್ತೆ ಇದು?’ ಎಂದು ನನ್ನ ಮುಖ ನೋಡಿ ಕೇಳಿದ.

‘ಕಾಸರಗೋಡಿಗೆ’ ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ದೋಣಿ ಹತ್ತು ಮಾರು ಹೋಗಿ ಕಲ್ಲಿಗೆ ಸಿಕ್ಕಿಹಾಕಿಕೊಂಡಿತು. ಮೊಮ್ಮಗ ಪ್ಯಾಂಟು ಮಡಚಿಕೊಂಡು ನೀರಿಗೆ ಇಳಿದ. ‘ಕಲ್ಲು ಜಾರುತ್ತೆ, ನಿಧಾನ!’ ಎನ್ನುತ್ತಾ ನನ್ನ ಹಳೆಯ ವಿದ್ಯಾರ್ಥಿಯೂ ಪಂಚೆ ಎತ್ತಿ ಕಟ್ಟಿ ಅವನ ಹಿಂದೆ ಇಳಿದ.